ಭಾರ ಎತ್ತುವವರಿಗೆ ಕಾರ್ಡಿಯೊ ಎಷ್ಟು, ಡಬ್ಬ ಎಷ್ಟು?

ಬೆಂಚ್ ಪ್ರೆಸ್‌ನಲ್ಲಿ ನೂರು ಕಿಲೊ ಎತ್ತುವವರು ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುವುದುಂಟು. ಮಂಗಳೂರು, ಉಡುಪಿಯ ಜಿಮ್‌ಗಳಲ್ಲಿ ಇಂಥವರು ಅಪರೂಪವೇನಲ್ಲ. ಓಟ, ಸೈಕಲ್‌ನಂತೆ ಎದೆಬಡಿತ ಏರಿಸುವ ಕಾರ್ಡಿಯೊ ಮಾಡಿದರೆ ಮಸಲ್ ಕರಗುತ್ತದೆ ಅಂತ ಟ್ರೆಡ್‌ಮಿಲ್ ಕಡೆ ತಲೆ ಹಾಕುವುದಿಲ್ಲ. ಬ್ಯಾಗಿನಲ್ಲಿ ಮಾತ್ರ ಪ್ರೋಟೀನ್‌ನಂಥ ಸಪ್ಲಿಮೆಂಟ್ ಪುಡಿಗಳ ಮೂರು ಡಬ್ಬ ಇರುತ್ತವೆ. ಈ ಲೆಕ್ಕ ತಿರುಗಬೇಕು. ಕಾರ್ಡಿಯೊಗೆ ವಾರದಲ್ಲಿ ಜಾಗ ಸಿಗಬೇಕು, ಡಬ್ಬ ಕಡಿಮೆಯಾಗಬೇಕು.

ಮಸಲ್ ಕರಗುವ ಭಯ ಪೂರ್ತಿ ಸುಳ್ಳಲ್ಲ. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಎಂಬ ಸಂಶೋಧಕ ಒಂದು ಗುಂಪಿಗೆ 10 ವಾರ ಎರಡನ್ನೂ ಮಾಡಿಸಿದರು. ವಾರಕ್ಕೆ 5 ದಿನ ಭಾರ, 6 ದಿನ ಕಠಿಣ ಓಟ ಮತ್ತು ಸೈಕಲ್. ಏಳೆಂಟು ವಾರ ಬಲ ಏರಿತು, ಕೊನೆಗೆ ಇಳಿಯಿತು. ಆದರೆ ಅಷ್ಟು ಕಾರ್ಡಿಯೊ ನಮ್ಮಲ್ಲಿ ಯಾರು ಮಾಡುತ್ತಾರೆ? ಮಿತಿಯಲ್ಲಿ ಮಾಡಿದರೆ ಬಲಕ್ಕೆ ಪೆಟ್ಟು ಬೀಳುವುದಿಲ್ಲ. ಸೆಟ್‌ಗಳ ನಡುವೆ ದಣಿವು ಬೇಗ ಆರುತ್ತದೆ, ಅದೇ ದೊಡ್ಡ ಲಾಭ.

ಹೆಜ್ಜೆ 1: ವಾರದ ಲೆಕ್ಕ ಹಾಕಿ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ. ಭಾರ ಎತ್ತುವವರು 20 ನಿಮಿಷದಂತೆ ಮೂರು ದಿನ ಶುರು ಮಾಡಿ, ನಿಧಾನವಾಗಿ 150ಕ್ಕೆ ಏರಿದರೆ ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.

ಹೆಜ್ಜೆ 2: ಯಾವುದು, ಯಾವಾಗ

ಓಟಕ್ಕಿಂತ ಸೈಕಲ್ ಅಥವಾ ಏರು ನಡಿಗೆ ಒಳ್ಳೆಯದು. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿಗೆ ಹೊಡೆತ ಬೀಳುತ್ತದೆ, ಮರುದಿನ ಭಾರ ಹೊತ್ತು ಕೂತೇಳುವ ಸ್ಕ್ವಾಟ್‌ಗೆ ಅದು ತೊಂದರೆ. ಏರು ನಡಿಗೆಗೆ ಮಂಗಳೂರಿನವರು ಟ್ರೆಡ್‌ಮಿಲ್ ಹುಡುಕಬೇಕಾಗಿಯೇ ಇಲ್ಲ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಹತ್ತಿ ಇಳಿದರೆ ಗೊತ್ತಾಗುತ್ತದೆ! ಉಡುಪಿಯವರಿಗೆ ಮಣಿಪಾಲದ ಏರು ಇದೆ. ಓಡಲೇಬೇಕು ಅನ್ನುವವರಿಗೆ ಮಂಗಳಾ ಕ್ರೀಡಾಂಗಣ, ಅಜ್ಜರಕಾಡು ಮೈದಾನ ಇವೆ. ಮಲ್ಪೆ, ಪಣಂಬೂರಿನ ಒದ್ದೆ ಮರಳೂ ಆದೀತು, ಒಣ ಮರಳು ಬೇಡ. ಪಾದ ಹೂತುಹೋಗಿ ಕಣಕಾಲಿಗೆ ಜಾಸ್ತಿ ಕೆಲಸ ಬೀಳುತ್ತದೆ.

ಒಂದೇ ಹೊತ್ತಿಗೆ ಎರಡೂ ಮಾಡುವುದಾದರೆ ಭಾರ ಮೊದಲು, ಕಾರ್ಡಿಯೊ ಆಮೇಲೆ. ಬೆಳಿಗ್ಗೆ ಒಂದು, ಸಂಜೆ ಒಂದು ಮಾಡಲು ಆದರೆ ಇನ್ನೂ ಒಳ್ಳೆಯದು. ನಡುವೆ ಆರು ಗಂಟೆಯಾದರೂ ಬಿಡುವಿರಲಿ. ಲೆಗ್ ಡೇ, ಅಂದರೆ ಕಾಲಿನ ವ್ಯಾಯಾಮದ ದಿನಕ್ಕೆ ಹಿಂದಿನ ದಿನ ಜೋರು ಓಟ ಇಟ್ಟುಕೊಳ್ಳಬೇಡಿ. ಮಳೆಗಾಲದ ನಾಲ್ಕು ತಿಂಗಳು ಹೊರಗೆ ಹೋಗುವುದು ಕಷ್ಟ ಅಲ್ವಾ? ಮನೆಯ ಒಳಗೆ ಸ್ಕಿಪ್ಪಿಂಗ್ ಸಾಕು, ಫ್ಲ್ಯಾಟಿನಲ್ಲಿ ಇರುವವರಿಗೆ ಮೆಟ್ಟಿಲೂ ಇದೆ.

ಹೆಜ್ಜೆ 3: ಕರಾವಳಿಯ ಸೆಕೆಯನ್ನು ಮರೆಯಬೇಡಿ

ಬೇರೆ ಊರಿನವರ ಪ್ಲಾನ್ ಇಲ್ಲಿ ಹಾಗೆಯೇ ನಡೆಯುವುದಿಲ್ಲ. ಬೆವರು ಆರಿದಾಗ ಮೈ ತಣ್ಣಗಾಗುತ್ತದೆ. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದೇ ಇಲ್ಲ, ಸುಮ್ನೆ ಸುರಿಯುತ್ತದೆ. ಹಾಗಾಗಿ ಅದೇ ವೇಗಕ್ಕೆ ಇಲ್ಲಿ ಎದೆಬಡಿತ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ವೇಗ ತಗ್ಗಿಸಿ, ಬೆಳಗ್ಗೆ ಏಳರ ಒಳಗೆ ಮುಗಿಸಿ. ವರ್ಕೌಟ್‌ಗೆ ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೊ ಇಳಿದಿದ್ದರೆ ಹೋದದ್ದು ಹೆಚ್ಚುಕಡಿಮೆ ಒಂದು ಲೀಟರ್ ನೀರು, ಕೊಬ್ಬಲ್ಲ. ಅದನ್ನು ಮುಂದಿನ ಕೆಲವು ಗಂಟೆಗಳಲ್ಲಿ ನಿಧಾನವಾಗಿ ಕುಡಿದು ತುಂಬಿಸಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ, ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟುಕೊಂಡು ಉಂಡರೆ ದುಬಾರಿ ಎಲೆಕ್ಟ್ರೊಲೈಟ್ ಪುಡಿಯ ಕೆಲಸ ಆಯಿತು. ಬಿಪಿ ಇರುವವರು ಮಾತ್ರ ಉಪ್ಪಿನ ವಿಷಯ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.

ಹೆಜ್ಜೆ 4: ಡಬ್ಬಕ್ಕೆ ಮೊದಲು ಬಟ್ಟಲು ನೋಡಿ

ಮಸಲ್ ಬೆಳೆಸುವವರಿಗೆ ದೇಹತೂಕದ ಕಿಲೊಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 70 ಕಿಲೊ ತೂಕದವರಿಗೆ 112 ಗ್ರಾಂ. ಮೂರು ಮೊಟ್ಟೆಗೆ 18, ಮುಳ್ಳು ಬಿಟ್ಟು 150 ಗ್ರಾಂ ಬಂಗುಡೆಗೆ 28, ಎರಡು ಲೋಟ ಹಾಲಿಗೆ 13, ಒಂದು ಹಿಡಿ ಹೆಸರುಕಾಳಿಗೆ 12, ಒಂದು ಬಟ್ಟಲು ಮೊಸರಿಗೆ 5. ಅನ್ನ, ದೋಸೆ, ಸಾರು ಸೇರಿ ಇನ್ನೊಂದು 18 ಎಂದಿಟ್ಟುಕೊಳ್ಳಿ. ಆಗಲೇ 94 ಆಯಿತು. ಉಳಿದದ್ದು 18. ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯ ಒಂದು ಸ್ಕೂಪ್ ಅದಕ್ಕೆ ಸಾಕು. ಎರಡು, ಮೂರು ಬೇಡ.

ಮೀನು ತಿನ್ನದವರು 50 ಗ್ರಾಂ ಒಣ ಸೋಯಾ ಚಂಕ್ಸ್ ಬೇಯಿಸಿದರೆ 25 ಗ್ರಾಂ ಸಿಗುತ್ತದೆ. ಗಸಿ ಮಾಡಿದರೆ ರುಚಿಗೂ ಮೋಸವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನಿನ ರೇಟು ಏರುತ್ತದೆ. ಆ ಎರಡು ತಿಂಗಳು ಮೊಟ್ಟೆ, ಕಡಲೆ ಗಸಿ, ಹುರುಳಿ ಜಾಸ್ತಿ ಮಾಡಿ. ನೀರುದೋಸೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಪ್ರೋಟೀನ್ ಹೆಸರಿಗಷ್ಟೇ.

ಹೆಜ್ಜೆ 5: ಕೊಳ್ಳುವುದಾದರೆ ಇಷ್ಟು

ಬಲ ಹೆಚ್ಚಿಸಲು ತೆಗೆದುಕೊಳ್ಳುವ ಕ್ರಿಯೇಟಿನ್ ಮೊನೊಹೈಡ್ರೇಟ್ ಪುಡಿ ಕೊಟ್ಟ ದುಡ್ಡಿಗೆ ಕೆಲಸ ಮಾಡುತ್ತದೆ. ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ. ಮೊದಲ ವಾರ 20 ಗ್ರಾಂ ತಿನ್ನುವ ಲೋಡಿಂಗ್ ಬೇಕೆಂದೇನಿಲ್ಲ, ಸುಮಾರು ಒಂದು ತಿಂಗಳಲ್ಲಿ ಅದೇ ಮಟ್ಟಕ್ಕೆ ಬರುತ್ತೀರಿ. ಮಾಂಸಖಂಡದಲ್ಲಿ ನೀರು ನಿಂತು ಒಂದೆರಡು ಕಿಲೊ ತೂಕ ಏರಬಹುದು. ದೂರ ಓಡುವವರಿಗೆ ಇದು ಹೊರೆ, ಭಾರ ಎತ್ತುವವರಿಗೆ ಚಿಂತೆಯಿಲ್ಲ. ರಕ್ತಪರೀಕ್ಷೆಗೆ ಹೋದಾಗ ಡಾಕ್ಟರಿಗೆ ಹೇಳಿ. ಮೂತ್ರಪಿಂಡದ ಆರೋಗ್ಯ ತಿಳಿಯಲು ನೋಡುವ ಕ್ರಿಯೇಟಿನಿನ್ ಅಂಕಿ ಸ್ವಲ್ಪ ಏರಿ ಕಾಣಬಹುದು, ರಿಪೋರ್ಟ್ ನೋಡಿ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಮೂತ್ರಪಿಂಡದ ತೊಂದರೆ ಮೊದಲೇ ಇರುವವರು ಕೇಳದೆ ತೆಗೆದುಕೊಳ್ಳಲೇಬೇಡಿ.

ವ್ಯಾಯಾಮಕ್ಕೆ ಮೊದಲು ಕುಡಿಯುವ ಪ್ರೀ ವರ್ಕೌಟ್ ಡಬ್ಬದ ಜೀವಾಳ ಕೆಫೀನ್. ಒಂದು ಸ್ಕೂಪಿನಲ್ಲಿ 200, 300 ಮಿಲಿಗ್ರಾಂ ಇರುವುದು ಸಾಮಾನ್ಯ. ಆರೋಗ್ಯವಂತರಿಗೂ ದಿನಕ್ಕೆ 400ರ ಮೇಲೆ ಬೇಡ, ಮನೆಯ ಕಾಫಿಯೂ ಆ ಲೆಕ್ಕದಲ್ಲೇ. ಸಂಜೆ ಏಳಕ್ಕೆ ಕುಡಿದರೆ ಅದರ ಅರ್ಧದಷ್ಟು ನಡುರಾತ್ರಿಗೂ ಮೈಯಲ್ಲಿ ಇರುತ್ತದೆ, ನಿದ್ದೆ ಹಾಳು. ಕುಡಿದ ಮೇಲೆ ಮುಖ, ಕೈ ಚುಮುಚುಮು ಅನ್ನುವುದು ಅದರಲ್ಲಿ ಬೆರೆಸುವ ಬೀಟಾ ಅಲನಿನ್ ಎಂಬ ಅಮೈನೊ ಆಮ್ಲದಿಂದ, ಪವರ್ ಬಂತು ಅಂತ ಅಲ್ಲ. ವರ್ಕೌಟ್‌ಗೆ ಮುಕ್ಕಾಲು ಗಂಟೆ ಮೊದಲು ಸ್ಟ್ರಾಂಗ್ ಕಾಫಿ ಕುಡಿದರೂ ನಡೆಯುತ್ತದೆ.

ಬಿಸಿಎಎ ಎಂಬ ಅಮೈನೊ ಆಮ್ಲಗಳ (ಪ್ರೋಟೀನ್ ಆಗುವ ಬಿಡಿಭಾಗಗಳ) ಪುಡಿ ಬೇಡ, ಅವು ವೇ ಪ್ರೋಟೀನ್‌ನಲ್ಲೇ ಇವೆ. ತೂಕ ಏರಿಸುವ ಮಾಸ್ ಗೇನರ್ ಪುಡಿಗಳಲ್ಲಿ ಹೆಚ್ಚಿನ ಪಾಲು ಪಿಷ್ಟ, ಸಕ್ಕರೆ. ಕೊಬ್ಬು ಕರಗಿಸುತ್ತದೆ ಅನ್ನುವ ಫ್ಯಾಟ್ ಬರ್ನರ್ ಮುಟ್ಟಬೇಡಿ. ಬೂತಾಯಿ, ಬಂಗುಡೆ ವಾರಕ್ಕೆರಡು ಸಲ ತಿನ್ನುವವರಿಗೆ ಫಿಶ್ ಆಯಿಲ್ ಮಾತ್ರೆಯೂ ಬೇಡ.

ಹೆಜ್ಜೆ 6: ಲೇಬಲ್ ಓದಿ

ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಯ ನಂಬರ್ ಇರಲೇಬೇಕು. 30 ಗ್ರಾಂ ಸ್ಕೂಪಿನಲ್ಲಿ 24 ಗ್ರಾಂ ಪ್ರೋಟೀನ್ ಅಂದರೆ ನೂರಕ್ಕೆ 80, ಅದು ಒಳ್ಳೆಯ ವೇ. ಗ್ಲೈಸಿನ್, ಟಾರಿನ್ ಎಂದು ಪಟ್ಟಿಯಲ್ಲಿ ಬೇರೆಯಾಗಿ ಕಂಡರೆ ಅನುಮಾನಪಡಿ. ಅಗ್ಗದ ಅಮೈನೊ ಬೆರೆಸಿ ಪ್ರೋಟೀನ್ ಅಂಕಿ ಹಿಗ್ಗಿಸುವುದು ಹಳೆಯ ಚಾಲಾಕಿ. ಲೇಬಲ್ ಇಲ್ಲದ ಕವರಿನ ಪುಡಿ ಜಿಮ್ಮಿನ ಟ್ರೇನರೇ ಕೊಟ್ಟರೂ ಬೇಡ ಅನ್ನಿ.

ಕುಂದಾಪುರ ಕಡೆಯ ಗುರುರಾಜ ಪೂಜಾರಿ ವೇಟ್‌ಲಿಫ್ಟಿಂಗ್‌ನಲ್ಲಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದರು. ಅಂಥ ಸ್ಪರ್ಧೆಯ ಕನಸಿರುವವರು ಇನ್ನೂ ಹುಷಾರಾಗಿರಬೇಕು. ಡಬ್ಬದಲ್ಲಿ ನಿಷೇಧಿತ ವಸ್ತು ಬೆರೆತಿದ್ದರೂ ಡೋಪಿಂಗ್ ನಿಯಮದಲ್ಲಿ ಹೊಣೆ ಆಟಗಾರನದೇ, ನನಗೆ ಗೊತ್ತಿರಲಿಲ್ಲ ಅಂದರೆ ಬಿಡುವುದಿಲ್ಲ. ನಿಷೇಧಿತ ವಸ್ತು ಇಲ್ಲವೆಂದು ಬ್ಯಾಚ್ ಪರೀಕ್ಷೆ ಆಗಿರುವ ಡಬ್ಬವನ್ನೇ ಕೊಳ್ಳಿ, ಬಿಲ್ ಎತ್ತಿಡಿ, ಬ್ಯಾಚ್ ನಂಬರಿನ ಫೋಟೊ ಮೊಬೈಲಿನಲ್ಲಿ ಇರಲಿ.