ಒಂದೇ ಪರದೆ, ಹಲವು ಮುಖಗಳು: ಲಿನಕ್ಸ್ ಡೆಸ್ಕ್‌ಟಾಪಿನ ನೋಟವನ್ನು ಹೊಂದಿಸುವ ಬಗೆ

ಲಿನಕ್ಸ್ ಡೆಸ್ಕ್‌ಟಾಪಿಗೆ ಹೊಸದೊಂದು ಕಪ್ಪು ಥೀಮ್ ಹಾಕಿದಾಗ ಕಡತಗಳ ಕಿಟಕಿ ಕಪ್ಪಾಗುತ್ತದೆ, ಪಠ್ಯ ಸಂಪಾದಕ ಬೆಳ್ಳಗೇ ಉಳಿಯುತ್ತದೆ, ಮೂರನೆಯ ಯಾವುದೋ ತಂತ್ರಾಂಶದ ಗುಂಡಿಗಳು ಎರಡಕ್ಕೂ ಸೇರದಂತೆ ಕಾಣುತ್ತವೆ. ಇದು ಥೀಮಿನ ದೋಷವೆಂದುಕೊಂಡು ಇನ್ನೊಂದನ್ನು, ಅದೂ ಸರಿಹೋಗದಿದ್ದರೆ ಮತ್ತೊಂದನ್ನು ಹಾಕಿ ನೋಡುವವರೇ ಹೆಚ್ಚು. ದೋಷವಿರುವುದು ಸಾಮಾನ್ಯವಾಗಿ ಕೆಲಸದ ಕ್ರಮದಲ್ಲಿ. ಮೊದಲು ಥೀಮ್ ಆರಿಸಿಕೊಂಡು ಆಮೇಲೆ ಎಲ್ಲ ತಂತ್ರಾಂಶಗಳನ್ನೂ ಅದಕ್ಕೆ ಬಗ್ಗಿಸಲು ಹೊರಟರೆ ಬಗ್ಗದಿರುವಂಥದ್ದು ಒಂದಾದರೂ ಸಿಕ್ಕೇ ಸಿಗುತ್ತದೆ; ಬಗ್ಗದಿರುವುದು ಯಾವುದೆಂದು ಮೊದಲೇ ಗುರುತಿಸಿ, ಉಳಿದವನ್ನು ಅದರ ಹತ್ತಿರಕ್ಕೆ ತಂದರೆ ಅರ್ಧಕ್ಕಿಂತ ಹೆಚ್ಚು ಶ್ರಮ ಉಳಿಯುತ್ತದೆ.

ಗುಂಡಿ, ಮೆನು, ಸ್ಕ್ರೋಲ್‌ಬಾರ್‌ಗಳನ್ನು ಪರದೆಯ ಮೇಲೆ ಬಿಡಿಸುವುದು ಕಾರ್ಯಾಚರಣ ವ್ಯವಸ್ಥೆಯಲ್ಲ, ಆಯಾ ತಂತ್ರಾಂಶ ಬಳಸುವ ಟೂಲ್‌ಕಿಟ್ ಎಂಬುದನ್ನು ಇಲ್ಲಿ ನೆನಪಿಡಬೇಕು. ಲಿನಕ್ಸಿನಲ್ಲಿ ಜಿಟಿಕೆ ಮತ್ತು ಕ್ಯೂಟಿ ಎಂಬ ಎರಡು ಟೂಲ್‌ಕಿಟ್‌ಗಳು ಹೆಚ್ಚು ಬಳಕೆಯಲ್ಲಿವೆ. ಜಿಟಿಕೆ 3ರ ಥೀಮ್ ಜಾಲಪುಟಗಳ ನೋಟವನ್ನು ಬರೆಯುವ ಸಿಎಸ್‌ಎಸ್ ಭಾಷೆಯ ರೂಪದಲ್ಲಿರುತ್ತದೆ, ಕ್ಯೂಟಿಯ ಶೈಲಿ ಸಾಮಾನ್ಯವಾಗಿ ಸಿ++ನಲ್ಲಿ ಬರೆದ ಪ್ಲಗಿನ್ ಆಗಿರುತ್ತದೆ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ. 2002ರಲ್ಲಿ ರೆಡ್ ಹ್ಯಾಟ್ ಲಿನಕ್ಸ್ 8.0 ತನ್ನ ಬ್ಲೂಕರ್ವ್ ವಿನ್ಯಾಸವನ್ನು ಜಿಟಿಕೆ ಬಳಸುವ ಗ್ನೋಮ್ ಮತ್ತು ಕ್ಯೂಟಿ ಬಳಸುವ ಕೆಡಿಇ ಎಂಬ ಎರಡು ಡೆಸ್ಕ್‌ಟಾಪ್‌ಗಳಿಗೂ ಬೇರೆಬೇರೆಯಾಗಿ ಬರೆದು ಒಂದೇ ನೋಟ ಮೂಡಿಸಲು ಹೊರಟಿತ್ತು. ಇಂದಿನ ಪ್ರಯತ್ನಗಳೂ ಬಹುಮಟ್ಟಿಗೆ ಅದೇ ದಾರಿಯವು: ಒಂದೇ ಚಿತ್ರವನ್ನು ಎರಡು ಸಲ ಬಿಡಿಸುವುದು.

ಹಾಗಾಗಿ ನೀವು ದಿನವೂ ತೆರೆಯುವ ಎಂಟು-ಹತ್ತು ತಂತ್ರಾಂಶಗಳ ಪಟ್ಟಿ ಮಾಡಿ, ಒಂದೊಂದರ ಮುಂದೆಯೂ ಅದರ ಟೂಲ್‌ಕಿಟ್ ಬರೆದುಕೊಳ್ಳುವುದೇ ಮೊದಲ ಕೆಲಸ. ಪ್ಯಾಕೇಜ್ ನಿರ್ವಾಹಕದಲ್ಲಿ ತಂತ್ರಾಂಶದ ಅವಲಂಬನೆಗಳನ್ನು ನೋಡಿದರೆ ಇದು ತಿಳಿಯುತ್ತದೆ. ಈ ಪಟ್ಟಿಯಲ್ಲಿ ಲಿಬ್‌ಅಡ್ವೈಟ ಎಂಬ ಹೆಸರು ಎಲ್ಲಿ ಕಂಡರೂ ಅಡಿಗೆರೆ ಎಳೆಯಿರಿ. 2021ರ ಕೊನೆಯಲ್ಲಿ 1.0 ಆವೃತ್ತಿಗೆ ಬಂದ, ಜಿಟಿಕೆ 4ರ ಮೇಲೆ ಕಟ್ಟಿದ ಗ್ನೋಮ್‌ನ ಈ ಲೈಬ್ರರಿಯನ್ನು ಬಳಸುವ ತಂತ್ರಾಂಶಗಳು ನೀವು ಆರಿಸಿದ ಜಿಟಿಕೆ ಥೀಮನ್ನು ಗಮನಿಸುವುದೇ ಇಲ್ಲ. ತಿಳಿ ಅಥವಾ ಗಾಢ ನೋಟ, ಹೆಚ್ಚಿನ ಕಾಂಟ್ರಾಸ್ಟ್ ಮತ್ತು 2024ರ ಗ್ನೋಮ್ 47ರಿಂದೀಚೆಗೆ ಒತ್ತುಬಣ್ಣ (ಗುಂಡಿ, ಆಯ್ಕೆಗಳನ್ನು ಎತ್ತಿತೋರಿಸುವ ಬಣ್ಣ), ಇಷ್ಟಕ್ಕೆ ಮಾತ್ರ ಅವು ಓಗೊಡುತ್ತವೆ. ಕಾನ್ಫಿಗ್ ಕಡತಕೋಶದಲ್ಲಿ ಜಿಟಿಕೆ 4ರ ಸಿಎಸ್‌ಎಸ್ ಕಡತವೊಂದನ್ನು ಇಟ್ಟು ಅವುಗಳ ಬಣ್ಣ ಬದಲಿಸಬಹುದು ಎಂಬುದು ನಿಜ, ಆದರೆ ಮುಂದಿನ ಅಪ್‌ಡೇಟ್ ಬಂದಾಗ ಯಾವುದೋ ಗುಂಡಿಯ ಅಕ್ಷರ ಹಿನ್ನೆಲೆಯಲ್ಲಿ ಮುಳುಗಿಹೋಗುವ ಸಾಧ್ಯತೆಯನ್ನೂ ಒಪ್ಪಿಕೊಂಡೇ ಹಾಗೆ ಮಾಡಬೇಕು. 2019ರಲ್ಲಿ ಗ್ನೋಮ್ ತಂತ್ರಾಂಶಗಳ ಕೆಲವು ಅಭಿವೃದ್ಧಿಗಾರರು ತಮ್ಮ ತಂತ್ರಾಂಶಗಳಿಗೆ ಥೀಮ್ ಹಚ್ಚಬೇಡಿರೆಂದು ಬಹಿರಂಗ ಪತ್ರ ಬರೆದದ್ದು ಇಂಥ ಒಡಕುಗಳಿಂದ ಬೇಸತ್ತೇ. ಆ ಪತ್ರ ಡಿಸ್ಟ್ರೋಗಳನ್ನು, ಅಂದರೆ ಲಿನಕ್ಸನ್ನು ಸಿದ್ಧಪಡಿಸಿ ಹಂಚುವವರನ್ನು, ಕುರಿತದ್ದೇ ಹೊರತು ತಮ್ಮ ಯಂತ್ರವನ್ನು ತಾವೇ ತಿದ್ದಿಕೊಳ್ಳುವ ಬಳಕೆದಾರರನ್ನು ಕುರಿತದ್ದಲ್ಲ. ಪತ್ರವನ್ನು ಬೈದವರಲ್ಲಿ ಹಲವರು ಇದನ್ನು ಗಮನಿಸಿದಂತಿಲ್ಲ.

ಅಡಿಗೆರೆ ಬಿದ್ದ ಹೆಸರುಗಳು ಹೆಚ್ಚಾಗಿದ್ದರೆ ಗ್ನೋಮ್‌ನ ಮೂಲ ನೋಟವಾದ ಅಡ್ವೈಟವನ್ನೇ ಆಧಾರವಾಗಿ ಒಪ್ಪಿಕೊಳ್ಳುವುದು ಜಾಣತನ. ಹಳೆಯ ಜಿಟಿಕೆ 3 ತಂತ್ರಾಂಶಗಳಿಗೆ ಅಡ್ವ್-ಜಿಟಿಕೆ3 ಎಂಬ ಥೀಮ್ ಹಾಕಿದರೆ ಅವು ಹೊಸ ಲಿಬ್‌ಅಡ್ವೈಟದ ನೋಟಕ್ಕೆ ಬಹಳ ಸಮೀಪ ಬರುತ್ತವೆ. ಕ್ಯೂಟಿ ತಂತ್ರಾಂಶಗಳಿಗೆ ಕ್ಯೂಟಿ6ಸಿಟಿ ಎಂಬ ಹೊಂದಿಕೆ ಸಾಧನದ ಮೂಲಕ ಶೈಲಿ, ಫಾಂಟ್, ಬಣ್ಣಗಳನ್ನು ಗೊತ್ತುಪಡಿಸಬಹುದು, ಅಥವಾ ಎಸ್‌ವಿಜಿ ಚಿತ್ರಗಳಿಂದ ನೋಟ ಕಟ್ಟುವ ಕ್ವಾಂಟಮ್ ಎಂಜಿನನ್ನು ಬಳಸಬಹುದು. ಕ್ಯೂಟಿ6ಸಿಟಿಯನ್ನು ಬಳಸುವಾಗ ಕ್ಯೂಟಿಯ ಪ್ಲಾಟ್‌ಫಾರ್ಮ್ ಥೀಮ್ ಯಾವುದೆಂದು ಹೇಳುವ ಪರಿಸರ ಚರವನ್ನು (ತಂತ್ರಾಂಶಗಳು ಶುರುವಾಗುವಾಗ ಓದಿಕೊಳ್ಳುವ, ಹೆಸರಿಟ್ಟ ಮೌಲ್ಯ) ಹೊಂದಿಸಿ, ಒಮ್ಮೆ ಲಾಗ್‌ಔಟ್ ಮಾಡಿ ಮರಳಿ ಒಳಬರಬೇಕು. ಈ ಹೆಜ್ಜೆಯನ್ನು ಮರೆತು ಸಾಧನವನ್ನೇ ದೂರುವುದು ಸಾಮಾನ್ಯ.

ಪಟ್ಟಿಯಲ್ಲಿ ಕ್ಯೂಟಿಯೇ ಹೆಚ್ಚಿದ್ದರೆ, ಅಥವಾ ಎರಡೂ ಸಮಸಮವಾಗಿದ್ದರೆ, ಕೆಡಿಇಯ ಡೆಸ್ಕ್‌ಟಾಪಾದ ಪ್ಲಾಸ್ಮಾ ಕಡಿಮೆ ತೊಂದರೆಯ ದಾರಿ ಎಂದು ನನ್ನ ಅಭಿಪ್ರಾಯ. ಅದರ ಬ್ರೀಜ್ ವಿನ್ಯಾಸಕ್ಕೆ ಜಿಟಿಕೆಯ ರೂಪವೂ ಇದೆ, ಸೆಟ್ಟಿಂಗ್ಸ್‌ನಲ್ಲಿ ಜಿಟಿಕೆ ತಂತ್ರಾಂಶಗಳ ಶೈಲಿ ಆರಿಸಲು ಪ್ರತ್ಯೇಕ ಜಾಗವಿದೆ, ನೀವು ಆರಿಸಿದ ಬಣ್ಣಗಳನ್ನು ಅದು ಆ ತಂತ್ರಾಂಶಗಳಿಗೂ ತಲುಪಿಸುತ್ತದೆ. ಆದರೆ ಪ್ಲಾಸ್ಮಾದಲ್ಲಿ ಇತರರು ರಚಿಸಿದ ಗ್ಲೋಬಲ್ ಥೀಮ್‌ಗಳನ್ನು (ಇಡೀ ಡೆಸ್ಕ್‌ಟಾಪಿನ ನೋಟವನ್ನು ಒಟ್ಟಿಗೆ ಬದಲಿಸುವ ಕಟ್ಟುಗಳನ್ನು) ಇಳಿಸಿಕೊಳ್ಳುವಾಗ ಎಚ್ಚರ ಬೇಕು, ಏಕೆಂದರೆ ಅವುಗಳೊಳಗೆ ಚಾಲನೆಗೊಳ್ಳುವ ಕೋಡ್ ಇರಬಲ್ಲದು. 2024ರ ಮಾರ್ಚ್‌ನಲ್ಲಿ ಇಂಥದ್ದೊಂದು ಥೀಮ್ ಬಳಕೆದಾರರೊಬ್ಬರ ಕಡತಗಳನ್ನೇ ಅಳಿಸಿಹಾಕಿದ ಮೇಲೆ ಕೆಡಿಇ ಈ ಬಗ್ಗೆ ಎಚ್ಚರಿಕೆ ನೀಡಬೇಕಾಯಿತು. ಬಣ್ಣದ ಯೋಜನೆ, ಐಕಾನ್ ಮತ್ತು ಕರ್ಸರ್‌ಗಳನ್ನು ಬಿಡಿಬಿಡಿಯಾಗಿ ಆರಿಸುವುದು ನಿಧಾನವಾದರೂ ಸುರಕ್ಷಿತ.

ಐಕಾನ್‌ಗಳ ವಿಷಯದಲ್ಲಿ ಚೆಲುವಿಗಿಂತ ಪೂರ್ಣತೆ ಮುಖ್ಯ. ಬೇಕಾದ ಚಿತ್ರ ಆರಿಸಿದ ಥೀಮಿನಲ್ಲಿ ಇಲ್ಲದಿದ್ದರೆ ವ್ಯವಸ್ಥೆಯು ಆ ಥೀಮ್ ಯಾವುದರಿಂದ ಆನುವಂಶಿಕವಾಗಿ ಪಡೆಯುತ್ತದೆಯೋ ಅಲ್ಲಿ ಹುಡುಕುತ್ತದೆ, ಅಲ್ಲಿಯೂ ಸಿಗದಿದ್ದರೆ ಕೊನೆಗೆ ಹೈಕಲರ್ ಎಂಬ ಮೂಲ ಸಂಗ್ರಹಕ್ಕೆ ಹೋಗುತ್ತದೆ. ಒಂದೇ ಸಾಲಿನಲ್ಲಿ ಎರಡು ಚಪ್ಪಟೆ ಚಿತ್ರಗಳ ನಡುವೆ ಉಬ್ಬುನೆರಳಿನ ಚಿತ್ರವೊಂದು ಕುಳಿತಿರುವುದಕ್ಕೆ ಈ ಹುಡುಕಾಟವೇ ಕಾರಣ. ಕಿಟಕಿಯಿಂದ ಕಿಟಕಿಗೆ ಹೋದಾಗ ಕರ್ಸರ್ ಹಿಗ್ಗುವುದು ಅಥವಾ ಆಕಾರ ಬದಲಿಸುವುದು ಇನ್ನೊಂದು ಬಗೆಯ ಕಿರಿಕಿರಿ. ಕಿಟಕಿಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಕರ್ಸರಿನ ಚಿತ್ರವನ್ನು ಬಹುಕಾಲ ಆಯಾ ತಂತ್ರಾಂಶವೇ ಒದಗಿಸಬೇಕಾಗಿತ್ತು, ಈಗಲೂ ಹಲವು ಹಾಗೆಯೇ ಮಾಡುತ್ತವೆ. ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಮಾತ್ರವಲ್ಲದೆ ಕರ್ಸರಿನ ಥೀಮ್ ಮತ್ತು ಅಳತೆಯನ್ನು ಸೂಚಿಸುವ ಪರಿಸರ ಚರಗಳಲ್ಲೂ ಒಂದೇ ಹೆಸರು, ಒಂದೇ ಅಂಕಿ ಇದ್ದರೆ ಇದು ಬಹುಪಾಲು ನಿಲ್ಲುತ್ತದೆ. ಫಾಂಟ್ ಎಲ್ಲೆಡೆ ಒಂದೇ ಇರಲಿ. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವ ನಮ್ಮಂಥ ಲಿಪಿಯನ್ನು ಬಳಸುವವರು ತೀರ ಬಿಗಿಯಾದ ಸಾಲುಗಳಿರುವ ಥೀಮನ್ನು ದೂರವಿಡುವುದು ಒಳಿತು.

ಯಾವ ಡಿಸ್ಟ್ರೋದಲ್ಲಾದರೂ ನಡೆಯುವಂತೆ ಕಟ್ಟಿಕೊಡುವ ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ಅಳವಡಿಸಿದ ತಂತ್ರಾಂಶಗಳು ತಮ್ಮದೇ ಆವರಣದೊಳಗೆ ನಡೆಯುವುದರಿಂದ ನಿಮ್ಮ ವ್ಯವಸ್ಥೆಯಲ್ಲಿರುವ ಜಿಟಿಕೆ 3ರ ಥೀಮ್ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಅದೇ ಥೀಮನ್ನು ಫ್ಲ್ಯಾಟ್‌ಪ್ಯಾಕ್ ವಿಸ್ತರಣೆಯಾಗಿ ಮತ್ತೊಮ್ಮೆ ಅಳವಡಿಸಬೇಕು. ಹಾಗೆ ಸಿಗದ ಥೀಮನ್ನು ಆಯ್ಕೆಯ ಹಂತದಲ್ಲೇ ಕೈಬಿಡುವುದು ವಾಸಿ.

ಎಲ್ಲ ಹೊಂದಿಸಿದ ಮೇಲೆ ಪಟ್ಟಿಯ ತಂತ್ರಾಂಶಗಳನ್ನು ಅಕ್ಕಪಕ್ಕ ತೆರೆದಿಟ್ಟು, ಯಾರೂ ನೋಡದ ಮೂಲೆಗಳನ್ನೇ ನೋಡಿ: ನಿಷ್ಕ್ರಿಯ ಗುಂಡಿಯ ಅಕ್ಷರ, ಆಯ್ಕೆಯಾದ ಸಾಲು, ಟೂಲ್‌ಟಿಪ್, ಕಡತ ಆರಿಸುವ ಸಂವಾದ, ಮುದ್ರಣದ ಸಂವಾದ. ಸಾಮಾನ್ಯ ಗಾತ್ರದ ಪಠ್ಯಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಬೇಕೆಂಬುದು ಜಾಲಪುಟಗಳಿಗಾಗಿ ರೂಪಿಸಿದ ಮಾನದಂಡವಾದರೂ ಇಲ್ಲಿಯೂ ಒಳ್ಳೆಯ ಅಳತೆಗೋಲು. ರೂಟ್ ಅಧಿಕಾರದಲ್ಲಿ, ಅಂದರೆ ವ್ಯವಸ್ಥೆಯ ಪೂರ್ಣ ನಿರ್ವಾಹಕನ ಅಧಿಕಾರದಲ್ಲಿ, ತೆರೆಯುವ ಕಿಟಕಿಗಳು ಮಾತ್ರ ಬೇರೆಯಾಗಿಯೇ ಕಾಣಬಹುದು, ಏಕೆಂದರೆ ಅವು ಓದುವುದು ರೂಟ್ ಬಳಕೆದಾರನ ಸೆಟ್ಟಿಂಗ್ಸ್, ನಿಮ್ಮದನ್ನಲ್ಲ. ಇದನ್ನೂ ಸರಿಪಡಿಸಬಹುದಾದರೂ ನಾನು ಸರಿಪಡಿಸಲು ಹೋಗುವುದಿಲ್ಲ. ವ್ಯವಸ್ಥೆಯ ಕಡತಗಳನ್ನು ಮುಟ್ಟಬಲ್ಲ ಕಿಟಕಿ ಉಳಿದವುಗಳಿಗಿಂತ ಬೇರೆಯಾಗಿ ಕಂಡರೆ ಕೈ ಸ್ವಲ್ಪ ತಡೆದು ಚಲಿಸುತ್ತದೆ.