ಮೊದಲ ಕೊಡದ ನೀರು ವಾಸನೆ ಬಂದರೆ ನಾನು ಹುಡುಕುವ ರೀತಿ

ನಾನು ಒಂದು ಪಟ್ಟಣ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ ಮಾಡುತ್ತೇನೆ. ವಾಲ್ವ್ ತಿರುಗಿಸುವುದು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದು, ಪೈಪು ಒಡೆದರೆ ಗುಂಡಿ ತೋಡಿಸುವುದು ಎಲ್ಲ ನಮ್ಮ ಪಾಲಿಗೇ. ಊರಲ್ಲಿ ಒಳಚರಂಡಿ ಇಲ್ಲ. ನೀರು ದಿನ ಬಿಟ್ಟು ದಿನ.

ಮಳೆ ಶುರುವಾದರೆ ಒಂದು ದೂರು ಬಂದೇ ಬರುತ್ತದೆ. "ಅಣ್ಣಾ, ಮೊದಲು ಬರೋ ನೀರು ವಾಸನೆ, ಆಮೇಲೆ ಸರಿಹೋಗುತ್ತೆ." ಈ "ಆಮೇಲೆ ಸರಿಹೋಗುತ್ತೆ" ಅನ್ನುವುದನ್ನು ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಟ್ಯಾಂಕೇ ಕೆಟ್ಟಿದ್ದರೆ ಕೊನೆಯ ಕೊಡದವರೆಗೂ ವಾಸನೆ ಇರಬೇಕು, ಎಲ್ಲ ಬೀದಿಯಲ್ಲೂ ಇರಬೇಕು. ಮೊದಲ ನೀರು ಮಾತ್ರ ಕೆಟ್ಟರೆ ಕೊಳಕು ಸೇರಿದ್ದು ದಾರಿಯಲ್ಲಿ. ನೀರು ನಿಲ್ಲಿಸಿದ ಮೇಲೆ ಪೈಪು ಖಾಲಿಯಾಗುತ್ತದೆ, ಒತ್ತಡ ಇರುವುದಿಲ್ಲ. ಎಲ್ಲಿ ತೂತಿದೆಯೋ ಅಲ್ಲಿಂದ ಹೊರಗಿನ ನೀರು ಒಳಗೆ ಬರುತ್ತದೆ. ನಲ್ಲಿಗೆ ನೇರವಾಗಿ ಮೋಟರ್ ಹಚ್ಚುವವರಿದ್ದರೆ ಇನ್ನೂ ಜಾಸ್ತಿ, ಅದು ಕೊಳಕನ್ನು ಎಳೆದೇ ತರುತ್ತದೆ.

ಇಂಥ ದೂರು ಬಂದರೆ ಸುಮ್ನೆ ಪೌಡರ್ ಜಾಸ್ತಿ ಹಾಕುವುದು ಹಲವರ ಅಭ್ಯಾಸ. ನನಗೆ ಅದು ಒಪ್ಪಿಗೆಯಿಲ್ಲ. 1 ಲಕ್ಷ ಲೀಟರ್ ನೀರಿಗೆ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಕ್ಲೋರಿನ್ ಬೇಕೆಂದರೆ, 33 ಪರ್ಸೆಂಟ್ ಕ್ಲೋರಿನ್ ಇರುವ ಪೌಡರ್ ಸುಮಾರು 600 ಗ್ರಾಂ ಸಾಕು. ಬಾಯಿ ತೆರೆದಿಟ್ಟ ಚೀಲದ ಪೌಡರ್ ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೆ ಲೆಕ್ಕ ಬೇರೆ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯುತ್ತೇನೆ. ಅರ್ಧ ಗಂಟೆ ಬಿಟ್ಟೇ ವಾಲ್ವ್ ತೆರೆಯುವುದು.

ಆಮೇಲೆ ಕ್ಲೋರೋಸ್ಕೋಪ್, ಅಂದರೆ ನೀರಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ ಅಂತ ಬಣ್ಣದಿಂದ ನೋಡುವ ಡಬ್ಬಿ, ಹಿಡಿದು ಬೀದಿಗೆ ಇಳಿಯುತ್ತೇನೆ. ನಲ್ಲಿ ನೀರಿಗೆ ಅದರ ಜೊತೆ ಬರುವ ಔಷಧಿಯ ಹನಿ ಬಿಟ್ಟರೆ ಹಳದಿ ಬರಬೇಕು. ಬಣ್ಣವನ್ನು ತಕ್ಷಣ ನೋಡಬೇಕು, ತಡವಾದರೆ ಲೆಕ್ಕ ತಪ್ಪುತ್ತದೆ. ಕೊನೆಯ ಮನೆಯ ನಲ್ಲಿಯಲ್ಲೂ 0.2 ಪಿಪಿಎಂ ಉಳಿದಿರಬೇಕು. ನೀರು ಬಂದ ಮೊದಲ ನಿಮಿಷಗಳಲ್ಲೇ, ಟ್ಯಾಂಕಿನ ಕಡೆಯಿಂದ ಮನೆ ಮನೆ ನೋಡುತ್ತಾ ಹೋಗುತ್ತೇನೆ. ಹಳದಿ, ಹಳದಿ, ಒಂದು ಕಡೆ ಬಿಳಿ, ಅಂದರೆ ಬಣ್ಣವೇ ಬರುವುದಿಲ್ಲ. ಹಳದಿ ಬಂದ ಕೊನೆಯ ಮನೆಗೂ ಬಿಳಿ ಬಂದ ಮೊದಲ ಮನೆಗೂ ನಡುವೆಯೇ ತೋಡಿಸುತ್ತೇನೆ. ಕ್ಲೋರಿನ್ನನ್ನು ತಿಂದುಹಾಕುವ ಕೊಳಕು ಅಲ್ಲೇ ಸೇರುತ್ತಿರುತ್ತದೆ.

ಹೀಗೆ ಹುಡುಕಿದಾಗ ಸಿಗುವುದು ಹೆಚ್ಚಾಗಿ ಮೇನ್ ಪೈಪಿನ ತೂತಲ್ಲ. ಮೇನ್ ಪೈಪು ಬೀದಿಯ ಒಂದು ಬದಿಗೆ, ಮನೆ ಇನ್ನೊಂದು ಬದಿಗೆ. ನಡುವೆ ಚರಂಡಿ. ಮನೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಆ ಚರಂಡಿಯೊಳಗೇ ಹಾದು ಹೋಗಿರುತ್ತದೆ, ತುಕ್ಕು ಹಿಡಿದು ಸೊರಗಿರುತ್ತದೆ. ನೀರಿನ ಪೈಪಿಗೂ ಚರಂಡಿಗೂ 3 ಮೀಟರ್ ಅಂತರ ಇರಬೇಕು ಅನ್ನುತ್ತದೆ ನೀರು ಸರಬರಾಜಿನ ಕೈಪಿಡಿ. ನಮ್ಮ ಗಲ್ಲಿಗಳೇ ಅಷ್ಟು ಅಗಲ ಇಲ್ಲ, ಅಲ್ವಾ? ಅದಕ್ಕೇ ಚರಂಡಿ ದಾಟುವ ಜಾಗದಲ್ಲಿ ಪೈಪನ್ನು ಕೊಳಚೆ ಮಟ್ಟಕ್ಕಿಂತ ಮೇಲೆ ಎತ್ತಿ, ದೊಡ್ಡ ಪೈಪಿನೊಳಗೆ ತೂರಿಸಿ, ಜಾಯಿಂಟ್ ಚರಂಡಿಯ ಆಚೆ ಬರುವಂತೆ ಹಾಕಿಸುತ್ತೇನೆ.

ಪೈಪು ಎತ್ತಿದರೆ ಅರ್ಧ ಕೆಲಸ ಅಷ್ಟೇ. ಶೌಚಾಲಯದ ಗುಂಡಿ ತುಂಬಿದ ಮನೆಯವರು ಉಕ್ಕಿದ್ದನ್ನು ಚರಂಡಿಗೇ ಬಿಡುತ್ತಾರೆ. ಅದರ ಮುಂದೆ ಕಸದ ಕವರುಗಳು ಅಡ್ಡ ನಿಂತರೆ ಮಟ್ಟ ಏರಿ ಪೈಪು ಮತ್ತೆ ಮುಳುಗುತ್ತದೆ. ಕಚೇರಿಯಲ್ಲಿ ನೀರು, ಕಸ, ಶೌಚ ಮೂರಕ್ಕೂ ಬೇರೆ ಬೇರೆ ಫೈಲು. ಚರಂಡಿಯಲ್ಲಿ ಮೂರೂ ಒಟ್ಟಿಗೇ ಇರುತ್ತವೆ. ಗುಂಡಿ ಖಾಲಿ ಮಾಡಲು ಸಕ್ಕಿಂಗ್ ಮಷಿನ್ ಬರುತ್ತದೆ, ಹೀರಿದ ಮಲವನ್ನು ಎಲ್ಲಿ ಸುರಿಯುತ್ತಾರೆ ಅನ್ನುವುದೇ ಚಿಂತೆ. ದೇವನಹಳ್ಳಿಯಲ್ಲಿ 2015ರಲ್ಲೇ ಇದಕ್ಕೆಂದು ಸಂಸ್ಕರಣಾ ಘಟಕ ಬಂತು, ಒಳಚರಂಡಿ ಇಲ್ಲದೆಯೂ ಮಲವನ್ನು ಹದ ಮಾಡಿ ಗೊಬ್ಬರ ಮಾಡಬಹುದು ಅಂತ ತೋರಿಸಿತು. ಪ್ರತಿ ತಾಲ್ಲೂಕಿಗೂ ಇಂಥದ್ದು ಬೇಕು.

ಈಗ ಪೌರಕಾರ್ಮಿಕರ ಮೇಸ್ತ್ರಿಯ ಜೊತೆ ಕೂತು ದಿನ ಹೊಂದಿಸಿಕೊಂಡಿದ್ದೇವೆ. ಯಾವ ಬೀದಿಗೆ ನಾಳೆ ನೀರೋ ಆ ಬೀದಿಯ ಚರಂಡಿ ಇವತ್ತೇ ತೆಗೆಯುತ್ತಾರೆ, ಹೂಳನ್ನು ದಡದಲ್ಲಿ ಬಿಡದೆ ಅಂದೇ ಗಾಡಿಗೆ ಹಾಕುತ್ತಾರೆ. ಅವರ ಕೈಗೆ ಗ್ಲೌಸ್, ಕಾಲಿಗೆ ಗಂಬೂಟು ಇದೆಯಾ ಅಂತ ನಾನೂ ನೋಡುತ್ತೇನೆ, ಇಲ್ಲದಿದ್ದರೆ ಕೆಲಸ ಶುರು ಮಾಡಿಸಬೇಡಿ ಅನ್ನುತ್ತೇನೆ. ಆ ಬೀದಿಗಳ ಕೊನೆಯ ನಲ್ಲಿಯನ್ನು ನೀರು ಬಿಟ್ಟಾಗೆಲ್ಲ ಪರೀಕ್ಷೆ ಮಾಡಿ, ಬಣ್ಣ ಎಷ್ಟು ಬಂತು ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.