ಸೊಂಟದ ಕೀಲಿನ ಚಲನೆಯನ್ನು ನಾನು ಪರೀಕ್ಷಿಸುವ ಬಗೆ

ಸೊಂಟನೋವೆಂದು ಬಂದವರಿಗೆ, "ನೋವು ಎಲ್ಲಿದೆ, ಒಂದೇ ಬೆರಳಿನಿಂದ ತೋರಿಸಿ" ಎನ್ನುತ್ತೇನೆ. ಬೆನ್ನಿನ ಕೆಳಗೆ ಗುಳಿ ಬೀಳುವ ಜಾಗದಿಂದ ತುಸು ಕೆಳಕ್ಕೇ ಬೆರಳು ಪ್ರತಿ ಸಲವೂ ಹೋದರೆ ಸ್ಯಾಕ್ರೊಇಲಿಯಾಕ್ ಕೀಲನ್ನು ಶಂಕಿಸುತ್ತೇನೆ. ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯು ಸೊಂಟದ ಮೂಳೆಯನ್ನು ಕೂಡುವ ಜಾಗವದು.

ನಾನು ಫಿಸಿಯೋಥೆರಪಿಸ್ಟ್. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದಲೇ ಪರೀಕ್ಷಿಸಿ ಚಿಕಿತ್ಸೆ ಮಾಡುವ ಆಸ್ಟಿಯೋಪಥಿಯ ಚಲನ ಪರೀಕ್ಷೆಗಳನ್ನು ಕಲಿತದ್ದು ಆಮೇಲೆ. ರೋಗಿಯ ಹಿಂದೆ ಕುಳಿತು, ಗುಳಿಯ ಬಳಿಯ ಮೂಳೆಯುಬ್ಬಿನ ಕೆಳ ಅಂಚಿಗೆ ಎರಡೂ ಹೆಬ್ಬೆರಳು ಒತ್ತಿ, ನಿಧಾನವಾಗಿ ಮುಂದಕ್ಕೆ ಬಾಗಲು ಹೇಳುತ್ತೇನೆ. ಒಂದು ಹೆಬ್ಬೆರಳು ಇನ್ನೊಂದಕ್ಕಿಂತ ಮೇಲೇರಿದರೆ ಆ ಬದಿಯ ಕೀಲು ಬಿಗಿದಿದೆ ಎಂಬುದು ಪಾಠ. ಆದರೆ ತೊಡೆಯ ಹಿಂಭಾಗದ ಸ್ನಾಯು ಒಂದೇ ಕಡೆ ಬಿಗಿಯಾಗಿದ್ದರೂ ಹೀಗಾಗಬಹುದು. ಆದ್ದರಿಂದ ಸ್ಟೂಲಿನ ಮೇಲೆ ಕೂರಿಸಿ ಮತ್ತೆ ಬಾಗಿಸುತ್ತೇನೆ. ಆಗ ಕಾಲುಗಳ ಪ್ರಭಾವ ತಗ್ಗುತ್ತದೆ.

ಇಷ್ಟಾದರೂ ಹೆಬ್ಬೆರಳಿನ ಸಾಕ್ಷ್ಯವೊಂದನ್ನೇ ನಂಬಿ ನಾನು ಚಿಕಿತ್ಸೆ ಶುರುಮಾಡುವುದಿಲ್ಲ. 1989ರಲ್ಲಿ ಸ್ವೀಡನ್ನಿನ ಸ್ಟೂರೆಸನ್ ಮತ್ತು ಸಂಗಡಿಗರು ಮೂಳೆಯೊಳಗೆ ಪುಟ್ಟ ಲೋಹದ ಗುಂಡುಗಳನ್ನಿಟ್ಟು ಎಕ್ಸ್‌ರೇಯಿಂದ ಈ ಕೀಲಿನ ಚಲನೆಯನ್ನು ಅಳೆದರು. ಸರಾಸರಿ ತಿರುವು 2.5 ಡಿಗ್ರಿ, ಜರುಗುವಿಕೆ 0.7 ಮಿಲಿಮೀಟರ್. ನೋವಿದ್ದ ಕೀಲಿಗೂ ಇಲ್ಲದ ಕೀಲಿಗೂ ಚಲನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಚರ್ಮ, ಕೊಬ್ಬು, ಸ್ನಾಯುಗಳ ಮೇಲಿಂದ ಅಷ್ಟು ಸಣ್ಣ ಚಲನೆಯನ್ನು ಬೆರಳು ಹೇಗೆ ಅಳೆದೀತು?

ಹಾಗಾಗಿ ನಿರ್ಧಾರಕ್ಕೆ ನಾನು ನೆಚ್ಚುವುದು ನೋವು ಕೆರಳಿಸುವ ಪರೀಕ್ಷೆಗಳನ್ನು. ಅಂಗಾತ ಮಲಗಿಸಿ, ತೊಡೆಯನ್ನು ನೆಟ್ಟಗೆ ಮೇಲೆತ್ತಿ, ಮಂಡಿಯಿಂದ ಕೆಳಮುಖವಾಗಿ ಒತ್ತುತ್ತೇನೆ. ಪಕ್ಕಕ್ಕೆ ಮಲಗಿಸಿ ಸೊಂಟದ ಮೂಳೆಯನ್ನು ಅದುಮುತ್ತೇನೆ. ಬೋರಲು ಮಲಗಿಸಿ ತ್ರಿಕಾಸ್ಥಿಯನ್ನು ಒತ್ತುತ್ತೇನೆ. "ದಿನಾ ಕಾಡುವ ನೋವು ಇದೇನಾ?" ಎಂಬ ಪ್ರಶ್ನೆಯೇ ಮುಖ್ಯ, ಬೇರೆ ನೋವು ಲೆಕ್ಕಕ್ಕಿಲ್ಲ. ಇಂಥ ಮೂರು ಪರೀಕ್ಷೆಗಳಾದರೂ ಅದೇ ನೋವನ್ನು ತಂದರೆ ಶಂಕೆ ಗಟ್ಟಿಯಾಗುತ್ತದೆ. ಬೆಳಗಿನ ಬಿಗಿತ ಬಹಳ ಹೊತ್ತು ಬಿಡದ ಯುವಕರನ್ನು ಸಂಧಿವಾತ ತಜ್ಞರ ಬಳಿ ಕಳಿಸುತ್ತೇನೆ.

ಬಾಣಂತಿಯರಿಗೆ ಇನ್ನೊಂದು ಪರೀಕ್ಷೆ. ಮಲಗಿದಲ್ಲೇ ನೇರ ಕಾಲನ್ನು ತುಸು ಎತ್ತಲು ಹೇಳುತ್ತೇನೆ. ಕಷ್ಟವಾದರೆ ಎರಡೂ ಕೈಗಳಿಂದ ಅವರ ಸೊಂಟವನ್ನು ಬಿಗಿಯಾಗಿ ಒತ್ತಿಹಿಡಿದು ಮತ್ತೆ ಎತ್ತಿಸುತ್ತೇನೆ. ಆಗ ಕಾಲು ಹಗುರವಾಗಿ ಎದ್ದರೆ ಸೊಂಟದ ಬೆಲ್ಟ್ ಮತ್ತು ಹೊಟ್ಟೆಯ ಒಳಸ್ನಾಯುಗಳ ವ್ಯಾಯಾಮದಿಂದ ಆರಂಭಿಸುತ್ತೇನೆ. "ಕೀಲು ಜಾರಿದೆಯಾ ಡಾಕ್ಟ್ರೇ?" ಎಂದು ಹೆದರಿ ಕೇಳುವವರಿಗೆ, "ಇಲ್ಲಮ್ಮ, ಜಾರಿಲ್ಲ, ಅದಕ್ಕೆ ಆಸರೆ ಸಾಲುತ್ತಿಲ್ಲ, ಅಷ್ಟೇ" ಎನ್ನುತ್ತೇನೆ.